ಕಟ್ಟಿಗೆಯ ಚಾಕು ಕಲಿಸಿದ ಕಾಕಾ

ಮೊನ್ನೆ ಶನಿವಾರ ಬೆಂಗೇರಿಯ ಹನುಮಪ್ಪನ ಗುಡಿಗೆ ಹೋಗಿದ್ದೆ. ಪೂಜಾರಿ ಬಟ್ಟಲಿನಲ್ಲಿ ಎಣ್ಣೆ ಹಾಕಿ ಸಿಂಧೂರ ಕಲಸುತ್ತಿದ್ದರು. ಆ ವಾಸನೆಗೆ ಎಲ್ಲರೂ ಕೈ ಮುಗಿಯುತ್ತಾರೆ. ನನಗೆ ಅದು ಆಗಿಬರುವುದಿಲ್ಲ. ಪ್ರದಕ್ಷಿಣೆಯನ್ನೂ ಹಾಕದೆ ಹೊರಗೆ ಬಂದುಬಿಟ್ಟೆ.

ನಮ್ಮ ಬಾಜೂ ಮನೆಯ ಕಾಕಾ ಫೌಜಿನಲ್ಲಿ ಉಸ್ತಾದರಾಗಿದ್ದವರು. ಬಂದೂಕಿನ ಗುಂಡು ತೀರಿದ ಮೇಲೆ ಚಾಕುವಿನಿಂದ, ಅದೂ ಹೋದರೆ ಬರಿಗೈಯಿಂದ ಹೇಗೆ ಬದುಕಿಕೊಳ್ಳಬೇಕೆಂದು ಹೊಸ ಸಿಪಾಯಿಗಳಿಗೆ ಕಲಿಸುವುದು ಅವರ ಕೆಲಸ. ನಿವೃತ್ತರಾಗಿ ಬಂದ ಮೇಲೆ ಹಿತ್ತಿಲಲ್ಲಿ ಮಲ್ಲಿಗೆ ಹಚ್ಚಿಕೊಂಡು ಸುಮ್ಮನಿದ್ದರು. "ಏನ್ ಮಿಲ್ಟ್ರಿಯವರರೀ ಇವರು, ಹೆಂಡತಿಗೆ ಸುದ್ದಾ ಜೋರು ಮಾಡಂಗಿಲ್ಲ," ಎಂದು ಓಣಿಯ ಹೆಂಗಸರು ನಗುತ್ತಿದ್ದರು.

ಗಡಿಯಲ್ಲಿ ಯುದ್ಧ ಶುರುವಾದಾಗ ನನ್ನ ತಮ್ಮ ರಜೆಯಲ್ಲಿ ಮನೆಗೆ ಬಂದಿದ್ದ. ಸೇನೆ ಸೇರಿ ಬಹಳ ದಿನವಾಗಿರಲಿಲ್ಲ. ತಿರುಗಿ ಬಾ ಎಂದು ಕರೆ ಬಂತು. ಅವ್ವ ಸೀದಾ ಕಾಕಾನ ಮನೆಗೆ ಹೋಗಿ ಸೆರಗೊಡ್ಡಿ ನಿಂತಳು.

"ನಿಮಗ ಗೊತ್ತಿದ್ದದ್ದೆಲ್ಲಾ ಅವಗ ಕಲಿಸ್ರಿ. ನನ್ನ ಮಗ ಜೀವಂತ ತಿರುಗಿ ಬರಬೇಕು."

"ಕಲಿಸ್ತೇನ್ರಿ ವೈನಿ. ಆದ್ರ ಇದು ಎದುರಿಗೆ ಬಂದ ಮನಶ್ಯಾನ ಸಲುವಾಗಿ ಅಷ್ಟ. ದೂರದಿಂದ ಬರೋ ಗುಂಡಿಗೆ ನನ್ನ ಕಡೆ ಏನೂ ಇಲ್ಲ," ಎಂದರು ಕಾಕಾ. ಅವ್ವನ ಕಿವಿಗೆ ಮೊದಲ ಮಾತಷ್ಟೇ ಬಿತ್ತು.

ದಿನಾ ಬೆಳಿಗ್ಗೆ ಅವರ ಹಿತ್ತಿಲಲ್ಲಿ ತಾಲೀಮು. ಕಟ್ಟಿಗೆಯ ಚಾಕು, ಅದರ ಅಂಚಿಗೆ ಎಣ್ಣೆಯಲ್ಲಿ ಕಲಸಿದ ಸಿಂಧೂರ. ಚಾಕು ಎಲ್ಲಿ ತಾಗಿತೋ ಬನಿಯನ್ನಿನ ಮೇಲೆ ಅಲ್ಲಿ ಕೆಂಪು ಗೆರೆ. ಮೊದಲ ದಿನ ತಮ್ಮನ ಎದೆ, ಪಕ್ಕೆ, ಕುತ್ತಿಗೆ ಎಲ್ಲಾ ಕೆಂಪು. "ಸತ್ತಿ ನೋಡ್. ಏಳ್, ಮತ್ತೊಮ್ಮೆ," ಎನ್ನುತ್ತಿದ್ದರು ಕಾಕಾ. ಆ ಮೆತ್ತಗಿನ ಮನುಷ್ಯನಿಗೆ ಆ ದನಿ ಎಲ್ಲಿಂದ ಬರುತ್ತಿತ್ತೋ... ಅವ್ವ ಬನಿಯನ್ ಒಗೆಯುವ ಮುಂಚೆ ಬಿಸಿಲಿಗೆ ಹಿಡಿದು ಗೆರೆ ಹುಡುಕುತ್ತಿದ್ದಳು. ಹೊರಡುವ ಹಿಂದಿನ ದಿನ ಅದು ಬೆಳ್ಳಗೇ ಇತ್ತು. ಓಣಿಗೆಲ್ಲ ತೋರಿಸಿ ಸಕ್ಕರೆ ಹಂಚಿ ಬಂದಳು. ಇನ್ನು ಮಗನಿಗೆ ಸಾವಿಲ್ಲವೆಂದೇ ನಂಬಿಬಿಟ್ಟಳು, ಹುಚ್ಚಿ!

ಅವನನ್ನು ಕೊಂದದ್ದು ಯಾವುದೋ ಗುಡ್ಡದಾಚೆಯಿಂದ ಬಂದ ತೋಪಿನ ಗುಂಡು. ಹಾರಿಸಿದವನ ಮುಖವನ್ನೂ ಅವನು ನೋಡಿರಲಿಕ್ಕಿಲ್ಲ. ಪೆಟ್ಟಿಗೆ ಬಂತು, ಹಾರಗಳು ಬಂದವು, ಭಾಷಣ ಮಾಡುವವರು ಬಂದರು, ಹೋದರು. ಕಾಕಾ ಮಾತ್ರ ನಮ್ಮ ಕಟ್ಟೆಯ ಮೇಲೆ ತಲೆ ತಗ್ಗಿಸಿ ಕುಳಿತಿದ್ದರು. ಅವ್ವ ಎದುರಿಗೆ ನಿಂತು, "ಏನ್ ಕಲಿಸಿದ್ರಿ ನೀವು? ನಿಮ್ಮ ಬಾಯಾಗ ಮಣ್ಣ ಬೀಳ್ಲಿ," ಎಂದಳು. ಮೊದಲೇ ಹೇಳಿದ್ದೆನಲ್ಲ ವೈನಿ ಎಂದು ಅವರು ಅನ್ನಬಹುದಿತ್ತು. ಅನ್ನಲಿಲ್ಲ.

ಆ ವರ್ಷ ದಸರೆಗೆ ಕಾಕಾ ಬನ್ನಿ ಎಲೆ ಕೊಡಲು ಬಂದರು. ಬನ್ನಿ ಕೊಟ್ಟು ಬಂಗಾರದಂಗ ಇರೋಣ ಎಂದರೆ ನಮ್ಮಲ್ಲಿ ಹಳೆಯ ವೈರವೂ ಅಲ್ಲಿಗೆ ಮುಗಿದ ಹಾಗೆ. ವೈರಿ ಕೊಟ್ಟರೂ ಒಲ್ಲೆ ಎನ್ನಬಾರದು. ಅವ್ವ ಕೈ ಚಾಚಲಿಲ್ಲ, ಬಾಗಿಲು ಮುಂದೆ ಮಾಡಿದಳು. ಎಲೆಗಳನ್ನು ಹೊಸ್ತಿಲ ಮೇಲೆ ಇಟ್ಟು ಹೋದರು. ಮುಂದಿನ ವರ್ಷವೂ ಬಂದರು, ಅದರ ಮುಂದಿನ ವರ್ಷವೂ... ಅವರು ರಾಯಾಪುರಕ್ಕೆ ಮನೆ ಬದಲಿಸಿದ ಮೇಲೂ ಬಸ್ಸು ಹತ್ತಿ ಬರುತ್ತಿದ್ದರು. ಮುಚ್ಚಿದ ಬಾಗಿಲಿಗೆ ಯಾಕಾದರೂ ಬರಬೇಕಿತ್ತು ಆ ಮುದುಕ! ನನಗೆ ಅವರ ಮೇಲೂ ಸಿಟ್ಟು, ಅವ್ವನ ಮೇಲೂ ಸಿಟ್ಟು. ತೋಪು ಹಾರಿಸಿದವನು ಅವಳ ಕೈಗೆ ಸಿಗಲಿಲ್ಲ, ಯುದ್ಧ ಹೂಡಿದವರು ಸಿಗಲಿಲ್ಲ. ಸಿಕ್ಕವರು ಇವರೊಬ್ಬರು.

ಗುಡಿಯಿಂದ ಬಂದ ಮರುದಿನವೇ ಕಾಕಾ ತೀರಿಕೊಂಡ ಸುದ್ದಿ ಬಂತು. ನಾನೊಬ್ಬಳೇ ಹೋದೆ. ಅವರ ಹೆಂಡತಿ, ಕಾಕು, ನನ್ನ ಗುರುತು ಹಿಡಿದು, "ಅವರು ಇದ್ದಾಗ ಯಾರೂ ಬರಲಿಲ್ಲ. ಈಗರ ಬಂದ್ಯಲ್ಲವಾ, ಕುಂದರ," ಎಂದರು. ಅವರ ಪಕ್ಕದಲ್ಲೇ ಕುಳಿತೆ.

ಮನೆಗೆ ಬಂದು ಅವ್ವನಿಗೆ ಹೇಳಿದೆ. ಅಕ್ಕಿ ಆರಿಸುತ್ತಿದ್ದಳು. ಮೊರವನ್ನು ಪಕ್ಕಕ್ಕೆ ಸರಿಸಿ, "ಇನ್ನ ನಾ ಯಾರನ್ನ ಬೈಲಿ?" ಎಂದಳು.