ನಾಲ್ಕನೇ ಗುಂಡಿಯ ದನಿ

ಬಾಳ್ಳುಪೇಟೆಯ ಹೆದ್ದಾರಿ ಬದಿಯಲ್ಲಿ ನನ್ನದೊಂದು ರೇಡಿಯೋ, ಟೇಪ್‌ರೆಕಾರ್ಡರ್ ರಿಪೇರಿ ಅಂಗಡಿ ಇತ್ತು. ಲಾರಿ ಡ್ರೈವರುಗಳು ಕ್ಯಾಸೆಟ್ ನುಂಗಿದ ಟೇಪನ್ನು ಮೇಜಿನ ಮೇಲಿಟ್ಟು, ಊಟ ಮುಗಿಸಿ ಬರುವಷ್ಟರಲ್ಲಿ ಹಾಡಬೇಕು ಎಂದು ಹೇಳಿ ಹೋಗುತ್ತಿದ್ದರು. ಎರಡು ಸಾವಿರದ ಇಸವಿಯಲ್ಲಿ ದೋಣಿಗಲ್ ಕಡೆಯ ಎಸ್ಟೇಟೊಂದರ ರೈಟರ್ ವಲೇರಿಯನ್ ಬಂದು ಸ್ಟೂಲಿನ ಮೇಲೆ ಕುಳಿತರು. ಅವರು ಕೇಳಿದ್ದೇ ಬೇರೆ.

“ಗುಂಡಯ್ಯ, ನಾಲ್ಕು ಜನ ಒಟ್ಟಿಗೆ ಹಾಡಿದ್ರೂ ನಂಗೆ ಕ್ಯಾರೋಲಿನ್ ಒಬ್ಬಳ ದನಿ ಕೇಳ್ಬೇಕು. ಅಂಥ ಮಿಷನ್ ಐತಾ ಮಾರಾಯ?”

“ಎಲ್ಲಾರೂ ಹೆಂಡ್ತಿ ದನಿ ಕೇಳ್ದೆ ಇರೋ ಮಿಷನ್ ಹುಡುಕ್ತಾರೆ ಕಣ್ರೀ ರೈಟ್ರೇ!” ಎಂದೆ ಗಟ್ಟಿಯಾಗಿ. ಅವರು ನಗಲಿಲ್ಲ. ನಾನು ನಾಲಿಗೆ ಕಚ್ಚಿಕೊಂಡೆ.

ವಲೇರಿಯನ್ ಕೂತು ಲೆಕ್ಕ ಬರೆಯುವ ಕೋಣೆ ಪಲ್ಪರ್ ಮನೆಗೆ ಅಂಟಿಕೊಂಡೇ ಇತ್ತು. ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಆ ಯಂತ್ರದ ಗದ್ದಲ ಸುಗ್ಗಿಯಿಂದ ಸುಗ್ಗಿಗೆ ಅವರ ಕಿವಿಯನ್ನು ತಿಂದುಹಾಕಿತ್ತು. ಒಬ್ಬರು ಎದುರು ನಿಂತು ಮಾತಾಡಿದರೆ ಕೇಳುತ್ತಿತ್ತು. ನಾಲ್ವರು ಸೇರಿದರೆ ಎಲ್ಲ ಕಲಸಿ ಮುದ್ದೆ. ಕಿವಿಗೆ ಹಾಕುವ ಮಿಷನ್ನು ಹಾಡನ್ನೂ ಹೆಚ್ಚಿಸುತ್ತಿತ್ತು, ಬೆಂಚು ಎಳೆದ ಸದ್ದನ್ನೂ ಹೆಚ್ಚಿಸುತ್ತಿತ್ತು. ಉಳಿದಿರುವುದೂ ಹೋಗಬಹುದು ಎಂದು ಮಂಗಳೂರಿನ ಡಾಕ್ಟರು ಹೇಳಿ ಕಳಿಸಿದ್ದರು.

ಚರ್ಚಿಗೆ ಅವರು ಇಗರ್ಜಿ ಎನ್ನುತ್ತಿದ್ದರು. ಅಲ್ಲಿನ ಹಾಡಿನ ತಂಡ, ಕ್ವಾಯರ್, ಕಟ್ಟಿ ಬೆಳೆಸಿದವರು ಈ ಮನುಷ್ಯ. ಕೀಬೋರ್ಡಿಗೆ ತಾವು, ಮೇಲಿನ ದನಿಗೆ ಮಗಳು ವೆನಿಸ್ಸಾ, ಕೆಳದನಿಗೆ ಮಗ ನೈಜಲ್, ನಡುವಿನ ಎರಡನೇ ದನಿಗೆ ಹೆಂಡತಿ ಕ್ಯಾರೋಲಿನಮ್ಮ. ಅವರ ಕಿವಿಯಿಂದ ಮೊದಲು ಜಾರಿಹೋದದ್ದು ಆ ನಡುವಿನ ದನಿಯೇ. ಒಬ್ಬಳೇ ಹಾಡು ಎಂದರೆ ಆಕೆಗೆ ಬಾಯಿ ಬರುವುದಿಲ್ಲ. ಎರಡನೇ ದನಿ ಹಾಡುವವರಿಗೆ ಮೊದಲನೆಯದು ಬೇಕು, ಚಪ್ಪರವಿಲ್ಲದೆ ಬಳ್ಳಿ ಎಲ್ಲಿ ಹಬ್ಬೀತು? ಕಿವಿ ಪೂರ್ತಿ ಹೋಗುವ ಮೊದಲು ಅದನ್ನು ಒಮ್ಮೆ ಕೇಳಬೇಕು, ಅಷ್ಟೇ ಅವರ ಆಸೆ.

ಇಬ್ಬರೂ ಬೆಂಗಳೂರಿಗೆ ಬಸ್ಸು ಹತ್ತಿದೆವು. ಅಂಗಡಿಯವನು ಎಂಟು ಟ್ರ್ಯಾಕಿನ ಡಿಜಿಟಲ್ ರೆಕಾರ್ಡರ್ ತೋರಿಸಿದ. ಎಂಟು ದನಿಗಳನ್ನು ಬೇರೆ ಬೇರೆಯಾಗಿ ಹಿಡಿದಿಡುತ್ತದೆ, ಗುಹೆಯಲ್ಲಿ ಹಾಡಿದ ಹಾಗೂ ಮಾಡುತ್ತದೆ. ನನಗೆ ಆಸೆ ಹುಟ್ಟಿತು. ವಲೇರಿಯನ್ ಅದರ ಬೆರಳಗಲದ ಪರದೆಯನ್ನು ಕನ್ನಡಕ ಏರಿಸಿ ನೋಡಿ, ಪಕ್ಕದಲ್ಲಿದ್ದ ನಾಲ್ಕು ಟ್ರ್ಯಾಕಿನ ಕ್ಯಾಸೆಟ್ ರೆಕಾರ್ಡರಿನ ಮೇಲೆ ಕೈಯಿಟ್ಟರು. ಅದರಲ್ಲಿ ಒಂದೊಂದು ದನಿಗೂ ಮೇಲೆ ಕೆಳಗೆ ಜಾರುವ ಒಂದೊಂದು ಗುಂಡಿ.

“ಇದನ್ನ ತಳ್ಳಿದ್ರೆ ಒಬ್ರ ದನಿ ಮೇಲೆ ಬರ್ತದಾ?”

“ಬರ್ತದೆ. ಆದ್ರೆ ಹಳೇ ಮಾದರಿ ಕಣ್ರೀ. ನಾಳೆ ಇನ್ನೊಂದಿಷ್ಟು ದನಿ ಸೇರಿಸ್ಬೇಕು ಅನ್ಸಿದ್ರೆ?”

“ನಂಗೆ ಬೇಕಿರೋದು ಒಂದು” ಎಂದರು. ಎತ್ತು ಏರಿಗೆ, ಕೋಣ ನೀರಿಗೆ ಎನ್ನುವಂತೆ ಸ್ವಲ್ಪ ಹೊತ್ತು ಎಳೆದಾಡಿ ಕೊನೆಗೆ ನಾನೇ ಸೋತೆ. ಸೋತ ಸಿಟ್ಟಿಗೆ ಮೂರು ಒಳ್ಳೆಯ ಮೈಕುಗಳನ್ನು ಆರಿಸಿದೆ. ಹೆಡ್‌ಫೋನಿಗೆ ಮಾತ್ರ ಸ್ಪಂಜಿನ ಅಗ್ಗದ್ದು ಸಾಕು ಎಂದುಕೊಂಡೆ.

ಎಸ್ಟೇಟಿನ ಮನೆಯ ಹಿಂದಿನ ಕೋಣೆಯ ಗೋಡೆಗೆಲ್ಲ ಖಾಲಿ ಗೋಣಿಚೀಲ ಹೊಡೆದು ನಮ್ಮ ಸ್ಟುಡಿಯೋ ತಯಾರಾಯಿತು. ಘಾಟಿ ಹತ್ತುವ ಲಾರಿಗಳ ಸದ್ದು ಅರ್ಧಕ್ಕರ್ಧ ನಿಂತಿತು. ಭಾನುವಾರ ಪೂಜೆ ಮುಗಿಸಿ ಬಂದು ತಾಯಿ ಮಕ್ಕಳು ಮೂವರೂ ಇಗರ್ಜಿಯಲ್ಲಿ ನಿಲ್ಲುವ ಹಾಗೆಯೇ ಭುಜಕ್ಕೆ ಭುಜ ತಾಗಿಸಿ ನಿಂತು, ಎದುರಿಗೊಂದೊಂದು ಮೈಕಿಟ್ಟುಕೊಂಡು ಹಾಡಿದರು. ವಲೇರಿಯನ್ ಆಮೇಲೆ ಕ್ಯಾರೋಲಿನಮ್ಮನ ಗುಂಡಿ ತಳ್ಳಿದರು. ಎಲ್ಲರೂ ಒಟ್ಟಿಗೆ ಮೇಲೆ ಬಂದರು! ಪಕ್ಕದವರ ದನಿಯೆಲ್ಲ ಆಕೆಯ ಮೈಕಿನೊಳಗೆ ನುಗ್ಗಿಬಿಟ್ಟಿತ್ತು. ಅವರು ಗುಂಡಿಯನ್ನು ಕೆಳಗಿಳಿಸಿದರು. ಅವರ ಮುಖ ನೋಡಲು ನನ್ನಿಂದ ಆಗಲಿಲ್ಲ.

ಹಾಗಾದರೆ ಒಬ್ಬೊಬ್ಬರೇ ಹಾಡಬೇಕು, ಹಿಂದೆ ಹಾಡಿದವರನ್ನು ಹೆಡ್‌ಫೋನಿನಲ್ಲಿ ಕೇಳುತ್ತಾ. ಮುಂದಿನ ಭಾನುವಾರ ಮೊದಲು ಕೀಬೋರ್ಡು, ಆಮೇಲೆ ವೆನಿಸ್ಸಾ, ಆಮೇಲೆ ನೈಜಲ್. ಕ್ಯಾರೋಲಿನಮ್ಮನ ಸರದಿ ಬಂದಾಗ ಸ್ಪಂಜಿನ ಹೆಡ್‌ಫೋನಿನಿಂದ ಮಗಳ ದನಿ ಸೋರಿ ಮತ್ತೆ ಮೈಕಿಗೆ ಬಂತು. ನಾನು ನನಗೇ ಬೈದುಕೊಂಡೆ. ಎರಡು ಮೈಕುಗಳನ್ನು ಬೆಂಗಳೂರಿಗೆ ಹೊತ್ತೊಯ್ದು ಹಿಂದಕ್ಕೆ ಕೊಟ್ಟು, ಕಿವಿಯನ್ನು ಪೂರ್ತಿ ಮುಚ್ಚುವ ಭಾರದ ಹೆಡ್‌ಫೋನ್ ಒಂದನ್ನು ತಂದೆ. ಮೈಕು ಒಂದೇ ಸಾಕು, ಕಿವಿ ಮುಚ್ಚುವುದು ಗಟ್ಟಿಯಾಗಿರಬೇಕು ಎಂಬ ಬುದ್ಧಿ ಬಂದದ್ದು ಹೀಗೆ.

ಅದನ್ನು ಹಾಕಿಕೊಂಡರೂ ಕ್ಯಾರೋಲಿನಮ್ಮನ ಗಂಟಲು ಏಳಲಿಲ್ಲ. “ಪಕ್ಕದಲ್ಲಿ ಯಾರೂ ಇಲ್ವಲ್ಲ ಗುಂಡಯ್ಯ, ಎಲ್ಲಿ ನಿಂತಿದ್ದೀನಿ ಅಂತ್ಲೇ ಗೊತ್ತಾಗಲ್ಲ” ಎಂದರು. ಆಗ ವೆನಿಸ್ಸಾ ಬಂದು ತನ್ನ ದನಿ ಮೈಕಿಗೆ ಬೀಳದ ಹಾಗೆ ತುಟಿ ಬಿಗಿಹಿಡಿದು ತಾಯಿಯ ಭುಜಕ್ಕೆ ಭುಜ ಕೊಟ್ಟು ನಿಂತಳು. ಕ್ಯಾರೋಲಿನಮ್ಮ ಹಾಡಿದರು.

ಹೆಡ್‌ಫೋನ್ ಈಗ ವಲೇರಿಯನ್ ತಲೆಗೆ ಬಂತು. ಮಕ್ಕಳಿಬ್ಬರ ಗುಂಡಿಗಳನ್ನು ಪೂರ್ತಿ ಇಳಿಸಿದರು, ಶ್ರುತಿಗೆಂದು ತಮ್ಮ ಕೀಬೋರ್ಡನ್ನು ಚೂರೇ ಉಳಿಸಿದರು, ನಾಲ್ಕನೆಯದನ್ನು ತುದಿಯವರೆಗೆ ತಳ್ಳಿದರು. ಕಣ್ಣು ಮುಚ್ಚಿದರು. ಕ್ಯಾರೋಲಿನಮ್ಮ ಮಂಚದ ಅಂಚಿನಲ್ಲಿ ಕೂತು ಗಂಡನ ಮುಖವನ್ನೇ ನೋಡುತ್ತಿದ್ದರು. ಟೇಪು ಓಡುತ್ತಾ ಹೋಯಿತು. ಇದ್ದಕ್ಕಿದ್ದಂತೆ ವಲೇರಿಯನ್ ಹುಬ್ಬು ಗಂಟಿಕ್ಕಿ ಕೈ ಎತ್ತಿದರು.

“ಮೂರನೇ ಸಾಲಲ್ಲಿ ಶ್ರುತಿ ಇಳೀತಾ ಐತೆ ಕ್ಯಾರೋಲಿನ್! ಎಷ್ಟು ಸಲ ಹೇಳೋದು?”

ನನಗೆ ರೇಗಿಹೋಯಿತು. “ಇಷ್ಟೆಲ್ಲ ಒದ್ದಾಡಿದ್ದು ಆಯಮ್ಮನ್ನ ಬೈಯ್ಯಕ್ಕೇನ್ರೀ ರೈಟ್ರೇ?”

ಕ್ಯಾರೋಲಿನಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡಿದ್ದರು. ಸೆರಗು ತೆಗೆದಾಗ ಕಣ್ಣಲ್ಲಿ ನೀರು, ಬಾಯಲ್ಲಿ ನಗು.

“ಬೈಲಿ ಬುಡಿ ಗುಂಡಯ್ಯ. ಮೊದ್ಲೆಲ್ಲ ಪೂಜೆ ಮುಗಿದ್ರೆ ಸಾಕು, ಬೈಯ್ಕೊಂಡೇ ಮನೆಗೆ ಬರೋರು. ಆಮೇಲೆ ಬರೀ ‘ಚೆನ್ನಾಗಿತ್ತು, ಚೆನ್ನಾಗಿತ್ತು’ ಅನ್ನಕ್ಕೆ ಶುರು ಮಾಡಿದ್ರು. ಪಾಪ, ಕೇಳಿಸ್ತಾ ಇಲ್ಲ ಅಂತ ನಂಗೆ ಅವತ್ತೇ ಗೊತ್ತಾಗಿತ್ತು.”

ನನ್ನ ಕಸುಬಿನಲ್ಲಿ ಎಷ್ಟೋ ಜನರ ಟೇಪು, ಟಿವಿ ಸರಿ ಮಾಡಿದ್ದೇನೆ. ಅಂಥದೊಂದು ಮಧ್ಯಾಹ್ನದಲ್ಲಿ ನನಗೂ ಜಾಗ ಕೊಟ್ಟದ್ದಕ್ಕೆ ಆ ಮನೆಯವರಿಗೆ ನಾನು ಇವತ್ತಿಗೂ ಋಣಿ. ಕ್ಯಾರೋಲಿನಮ್ಮ ಎದ್ದು ಹೆಡ್‌ಫೋನ್ ಇಸಿದುಕೊಂಡು, “ಆ ಸಾಲು ಇನ್ನೊಂದ್ಸಲ ಹಾಕಿ” ಎಂದರು. ಹಾಡಿದರು, ಬೈಸಿಕೊಂಡರು, ಮತ್ತೆ ಹಾಡಿದರು. ಸಾಕು ಎಂದು ಇಬ್ಬರಲ್ಲಿ ಒಬ್ಬರೂ ಅನ್ನಲಿಲ್ಲ. ನಾನು ಟೇಪನ್ನು ಹಿಂದಕ್ಕೆ ತಿರುಗಿಸುತ್ತಾ ಕುಳಿತಿದ್ದೆ.