ಕೇಳುವವರ ಬೆಂಚು

ಮಂಗಳೂರಿನ ನನ್ನ ಮೊದಲ ಭಾನುವಾರ. ಪೂಜೆಯ ನಡುವೆ ಪಾದ್ರಿಗಳು ಪ್ರಸಂಗಕ್ಕೆಂದು ಪೀಠ ಹತ್ತಿದ ಕೂಡಲೇ ಗಂಡಸರ ಕಡೆಯಿಂದ ದಬದಬ ಸದ್ದು ಕೇಳಿತು. ತಿರುಗಿ ನೋಡಿದರೆ ಬೆಂಚುಗಟ್ಟಲೆ ಗಂಡಸರು ಎದ್ದು ಹೊರಗೆ ನಡೆಯುತ್ತಿದ್ದರು. ಹಾವು ಬಂತೋ ಬೆಂಕಿ ಬಿತ್ತೋ ಎಂದು ನಾನೂ ಎದ್ದು ನಿಂತೆ. ಪಕ್ಕದಲ್ಲಿದ್ದ ನಮ್ಮ ಮನೆಯ ಒಡತಿ ಸೆವ್ರಿನ್ ಬಾಯಿ ಸೆರಗು ಹಿಡಿದು ನನ್ನನ್ನು ಕೂರಿಸಿದರು.

"ಎಂತದೂ ಆಗಲಿಲ್ಲ. ಬೀಡಿ ಎಳೀಲಿಕ್ಕೆ ಹೋಗುವುದು. ಶೆರ್ಮಾಂವ್ ಮುಗಿದ ಮೇಲೆ ಬರ್ತಾರೆ."

ಶೆರ್ಮಾಂವ್ ಎಂದರೆ ಇಲ್ಲಿಯ ಕೊಂಕಣಿಯಲ್ಲಿ ಪ್ರಸಂಗ. ಅದು ಮುಗಿಯುವವರೆಗೂ ಅವರೆಲ್ಲ ಮರದ ನೆರಳಲ್ಲಿ ನಿಂತು ಮಾತಾಡುತ್ತಿದ್ದರು. ಆಮೇಲೆ ಏನೂ ಆಗದವರ ಹಾಗೆ ಒಳಗೆ ಬಂದು ಮೊಣಕಾಲೂರಿದರು. ಕೊಳ್ಳೇಗಾಲದ ಕಡೆಯ ನಮ್ಮ ಹಳ್ಳಿಯಲ್ಲಿ ಹೀಗೆ ಯಾರಾದರೂ ಎದ್ದು ಹೋಗಿದ್ದರೆ ಊರೇ ಅದನ್ನು ಒಂದು ವರ್ಷ ಆಡಿಕೊಳ್ಳುತ್ತಿತ್ತು. ನೀವೂ ಆ ಕಡೆಯವರು, ನಿಮಗೇ ಗೊತ್ತಲ್ಲ. ನಮ್ಮಲ್ಲಿ ಸ್ವಾಮಿಗಳು, ಅಂದರೆ ಪಾದ್ರಿಗಳು, ಬರುವುದೇ ಅಪರೂಪ. ಉಳಿದ ಭಾನುವಾರಗಳಲ್ಲಿ ಉಪದೇಶಿಗಳೇ ಪ್ರಾರ್ಥನೆ ನಡೆಸಿ, ಶುಭಸಂದೇಶ ಓದಿ, ಅದನ್ನು ಕಥೆಯ ಹಾಗೆ ಹೇಳಬೇಕು. ನಮ್ಮ ಊರಿನ ಉಪದೇಶಿ ನನ್ನ ಯಜಮಾನರು, ಇನ್ನಾಸಪ್ಪನವರು. ಹೇಳುತ್ತ ಹೇಳುತ್ತ ನಿಲ್ಲಿಸಿ, "ಆಮೇಲೇನಾಯ್ತು, ಹೇಳಿ" ಅನ್ನುತ್ತಿದ್ದರು. ಹೆಂಗಸರು, ಮುದುಕರು, ಎಲ್ಲರೂ ಕೂತಲ್ಲಿಂದಲೇ ಉತ್ತರ ಕೊಡುತ್ತಿದ್ದೆವು.

ಅವರು ಕಾಮಾಲೆಯಿಂದ ತೀರಿಕೊಂಡರು. ಮಣ್ಣಿನ ದಿನ ದೂರದ ಊರಿಂದ ಬಂದ ಸ್ವಾಮಿಗಳು ಗ್ರಂಥದ ಕನ್ನಡದಲ್ಲಿ ಮನುಷ್ಯನ ಅನಿತ್ಯತೆಯ ಬಗ್ಗೆ ಬಹಳ ಹೊತ್ತು ಮಾತಾಡಿದರು. ಒಳ್ಳೆಯ ಮಾತುಗಳೇ ಇರಬೇಕು. ಅದರಲ್ಲಿ ನನ್ನ ಗಂಡನ ಹೆಸರಿರಲಿಲ್ಲ. ಅಷ್ಟು ವರ್ಷ ಒಂದು ಊರಿಗೆ ದೇವರ ಮಾತು ಹೇಳಿದವರ ಪೆಟ್ಟಿಗೆಯ ಮುಂದೆ ನಿಂತು ಅವರ ಬಗ್ಗೆ ಒಂದು ಮಾತು ಯಾರೂ ಆಡಲಿಲ್ಲ. ಸ್ವಾಮಿಗಳಿಗೆ ಅವರ ಗುರುತಿರಲಿಲ್ಲ, ನಮ್ಮನ್ನು ಯಾರೂ ಕೇಳಲಿಲ್ಲ. ಸಾವಿಗಿಂತ ಅದು ನನ್ನನ್ನು ಹೆಚ್ಚು ಕೊರೆಯಿತು ಎಂದರೆ ನೀವು ತಪ್ಪು ತಿಳಿಯಬೇಡಿ.

ಮಂಗಳೂರಿನ ಹಂಚಿನ ಕಾರ್ಖಾನೆಯಲ್ಲಿದ್ದ ನನ್ನಣ್ಣ ಚೌರಪ್ಪ ಬಂದು, ನಾಲ್ಕು ದಿನ ಕಡಲು ನೋಡಿಕೊಂಡು ಬರುವೆಯಂತೆ ಎಂದು ಕರೆದುಕೊಂಡು ಹೊರಟ. ಕುದ್ರೋಳಿಯಲ್ಲಿ ಸೆವ್ರಿನ್ ಬಾಯಿಯ ಸಾಲುಮನೆಯಲ್ಲಿ ಅವನದೊಂದು ಕೋಣೆ, ಒಂದು ಅಡಿಗೆಮನೆ. ಕೋಣೆಯಲ್ಲಿ ನಾನು, ಜಗಲಿಯಲ್ಲಿ ಅವನು. ಊರಿನಲ್ಲಿ ರಾಗಿಮುದ್ದೆ ನುಂಗಿದವಳಿಗೆ ಇಲ್ಲಿಯ ಕುಚ್ಚಲಕ್ಕಿ ಅನ್ನ ಗಂಟಲಲ್ಲಿ ಇಳಿಯಲಿಲ್ಲ. ತೆಂಗಿನೆಣ್ಣೆಯ ಒಗ್ಗರಣೆಗೆ ತಲೆ ಸುತ್ತುತ್ತಿತ್ತು. ಓಣಿಯಲ್ಲಿ ಒಬ್ಬರು ತುಳು, ಒಬ್ಬರು ಬ್ಯಾರಿ, ಇನ್ನೊಬ್ಬರು ಕೊಂಕಣಿ. ನನ್ನೊಡನೆ ಮಾತ್ರ ಎಲ್ಲರೂ ಶಾಲೆಯ ಪುಸ್ತಕದಿಂದ ಎದ್ದು ಬಂದಂಥ ಕನ್ನಡ. ಅಲ್ಲಿ ತೆರೇಸಮ್ಮನಾಗಿದ್ದವಳು ಇಲ್ಲಿ ತೆರೆಜಾ ಬಾಯಿಯಾದೆ. ಹಗಲೆಲ್ಲ ಕೋಣೆಯಲ್ಲಿ ಒಬ್ಬಳೇ. ಮೀನಿನವಳು ಕೂಗುತ್ತ ಬಂದರೆ ಅವಳ ಬುಟ್ಟಿಯಲ್ಲಿ ಏನಿದೆ ಎಂದು ಕೇಳುವುದಕ್ಕೂ ಭಾಷೆ ಇಲ್ಲದೆ ಬಾಗಿಲು ಹಾಕಿಕೊಳ್ಳುತ್ತಿದ್ದೆ. ಬಂಗುಡೆಗೆ ಚೌಕಾಸಿ ಮಾಡಿ ಗೆದ್ದ ದಿನ ಅಣ್ಣ ಕಾರ್ಖಾನೆಯಿಂದ ಬರುವುದನ್ನೇ ಕಾದಿದ್ದು ಹೇಳಿದೆ.

ಹೊಲಿಗೆ ಬರುತ್ತಿದ್ದುದರಿಂದ ಗುಡ್ಡದ ಮೇಲಿನ ಗುರುಮಠದ ಬಟ್ಟೆಗಳು ನನಗೆ ಸಿಕ್ಕವು. ಗುರುಮಠವೆಂದರೆ ಹುಡುಗರನ್ನು ಪಾದ್ರಿಗಳಾಗಿ ತಯಾರು ಮಾಡುವ ಜಾಗ. ಹರಿದ ನಿಲುವಂಗಿಗಳನ್ನು ಹೊಲಿದು ಒಯ್ದು ಕೊಡುವಾಗ ಅಲ್ಲಿ ಪ್ರಸಂಗ ಕಲಿಸುವ ಪ್ರೊಫೆಸರ್ ಫಾದರ್ ನನ್ನ ಮಾತು ಕೇಳಿ ನಿಂತರು. ನೀವು ಘಟ್ಟದ ಮೇಲಿನವರಾ ಎಂದು ಕೇಳಿದರು. ಅಲ್ಲೇ ನಿಂತು ನಮ್ಮ ಊರು, ಗುಡಿ, ಉಪದೇಶಿ, ಎಲ್ಲ ವಿಚಾರಿಸಿದರು. ಮರುವಾರ ಅಣ್ಣನ ಕೈಯಲ್ಲಿ ಹೇಳಿ ಕಳುಹಿಸಿದರು: ಶನಿವಾರ ಮಧ್ಯಾಹ್ನ ಇಬ್ಬರೂ ಬನ್ನಿ, ನಮ್ಮ ಹುಡುಗರ ಮಾತು ಕೇಳುವುದು ನಿಮ್ಮ ಕೆಲಸ.

ಪೂಜೆಯಲ್ಲಿ ಲ್ಯಾಟಿನ್ ಹೋಗಿ ಜನರ ಭಾಷೆ ಬರತೊಡಗಿದ್ದ ವರ್ಷಗಳು ಅವು. ಗೋಡೆಯ ಕಡೆ ತಿರುಗಿ ಪೂಜೆ ಮಾಡುತ್ತಿದ್ದವರು ಜನರ ಕಡೆ ತಿರುಗಿ ನಿಂತಿದ್ದರು. ತಿರುಗಿದ ಮೇಲೆ ಮುಖ ಕಾಣುತ್ತದೆ, ಆಕಳಿಕೆಯೂ ಕಾಣುತ್ತದೆ. ಇಲ್ಲಿಯ ಹುಡುಗರ ಕೊಂಕಣಿ ಚೆನ್ನಾಗಿತ್ತು. ಆದರೆ ಕೆಲವರು ಘಟ್ಟದ ಮೇಲಿನ ಕನ್ನಡದ ಊರುಗಳಿಗೆ ಹೋಗಬೇಕಿತ್ತು, ಅವರ ಕನ್ನಡ ನಡುಮಧ್ಯಾಹ್ನವೂ ಕೋಟು ಹಾಕಿಕೊಂಡ ಹಾಗಿತ್ತು.

ಪ್ರೊಫೆಸರ್ ಫಾದರ್ ಗುರುಮಠದ ಹಾಲ್‌ನಲ್ಲಿ ಒಂದು ಉದ್ದ ಬೆಂಚು ಹಾಕಿಸಿದ್ದರು. ಅಣ್ಣ, ನಾನು, ಒಬ್ಬಳನ್ನೇ ಬಿಡುವುದು ಸರಿಯಲ್ಲವೆಂದು ಜೊತೆಗೆ ಬಂದ ಸೆವ್ರಿನ್ ಬಾಯಿ, ಮತ್ತೆ ಫಾದರಿಗೆ ದಿನಾ ಕಾಫಿ ಕೊಡುವ ಹೋಟೆಲಿನ ರೈಗಳು. ರೈಗಳು ನಮ್ಮ ಧರ್ಮದವರಲ್ಲ, ತಾಳಮದ್ದಳೆಯ ಹುಚ್ಚಿನವರು. ತಾಳಮದ್ದಳೆ ಎಂದರೆ ವೇಷವಿಲ್ಲದೆ ಕೂತೇ ನಡೆಸುವ ಯಕ್ಷಗಾನ. ಕೃಷ್ಣನಾದವನು ಒಂದು ಮಾತಾಡಿದರೆ ಕೌರವನಾದವನು ಅದಕ್ಕೆ ಅಲ್ಲೇ ಎದುರು ಹೇಳಬೇಕು. ಬೆಂಚಿನ ನಿಯಮ ಒಂದೇ. ಚೆನ್ನಾಗಿತ್ತು, ಚೆನ್ನಾಗಿರಲಿಲ್ಲ ಅನ್ನುವಂತಿಲ್ಲ. ಇಗರ್ಜಿಗೆ, ಅಂದರೆ ಇಲ್ಲಿಯ ಗುಡಿಗೆ, ಬರಲಾಗದೆ ಮನೆಯಲ್ಲಿ ಉಳಿದವರಿಗೆ ಹೇಳುವ ಹಾಗೆ, ಕೇಳಿದ್ದನ್ನು ತಿರುಗಿ ಹೇಳಬೇಕು.

ಮೊದಲು ನಿಂತವರು ಬ್ರದರ್ ಲಿಯೋ. ಗುರುದೀಕ್ಷೆಗೆ ಒಂದೇ ಮೆಟ್ಟಿಲು ಬಾಕಿ ಇದ್ದ, ಎತ್ತರದ, ಬೆವರುವ ಹುಡುಗ. ದೇವರ ಕೃಪೆಯ ಬಗ್ಗೆ ಮಾತಾಡಿದರು. ನನ್ನ ಸರದಿ ಬಂದಾಗ ಎಷ್ಟು ಹುಡುಕಿದರೂ ನನ್ನ ತಲೆಯಲ್ಲಿ ಒಂದು ಹಸು ಮಾತ್ರ ಇತ್ತು. ಮಾತಿನ ನಡುವೆ ಎಲ್ಲೋ ಅವರ ಅಜ್ಜಿಯ ಹಸು ಬಂದು ಹೋಗಿತ್ತು. ಹಾಗೇ ಹೇಳಿದೆ. ಹಿಂದೆ ಕೂತ ಹುಡುಗರು ನಕ್ಕುಬಿಟ್ಟರು. ಅಣ್ಣ ಅದಕ್ಕೆ ಹಸುವಿನ ಬಣ್ಣ ಸೇರಿಸಿದ. ಪ್ರೊಫೆಸರ್ ಫಾದರ್ ಕರಿಹಲಗೆಯಲ್ಲಿ ದೊಡ್ಡದಾಗಿ ಹಸು ಎಂದು ಬರೆದು, ಮುಂದಿನ ವಾರ ಈ ಹಸುವಿನಿಂದಲೇ ಶುರು ಮಾಡು ಅಂದರು. ಬ್ರದರ್ ಲಿಯೋ ಕೆಂಪಾದರು, ಆಮೇಲೆ ಅವರೂ ನಕ್ಕರು. ಮುಂದಿನ ವಾರ ಆ ಹಸುವಿನ ಕಥೆ ಕೇಳಿ ಸೆವ್ರಿನ್ ಬಾಯಿ ಕಣ್ಣೊರೆಸಿಕೊಂಡರು.

ಅಂದಿನಿಂದ ಶನಿವಾರ ಬಂದರೆ ನನಗೆ ಬೆಳಗಿನಿಂದಲೇ ಕಾಲು ನಿಲ್ಲುತ್ತಿರಲಿಲ್ಲ. ಗಂಡ ಸತ್ತ ಮೇಲೆ ಹೀಗೆ ಸಂಭ್ರಮಪಡುವುದು ಸರಿಯೋ ಎಂಬ ಅಳುಕಿತ್ತು. ಆದರೂ ಸೂಜಿಯ ಕೆಲಸ ಬೇಗ ಮುಗಿಸಿ ಹೊರಟುಬಿಡುತ್ತಿದ್ದೆ. ಒಂದು ಸಲ ಪ್ರೊಫೆಸರ್ ಫಾದರ್ ಎಲ್ಲರನ್ನೂ ದೋಣಿಯಲ್ಲಿ ನದಿಯಾಚೆಯ ಬೆಂಗ್ರೆಗೆ ಕರೆದುಕೊಂಡು ಹೋದರು. ಆಚೆ ದಡದ ಮರಳಿನಲ್ಲಿ ಹುಡುಗರನ್ನು ದೂರ ನಿಲ್ಲಿಸಿ, ಅರಚದೆ, ಅಲೆಗಳ ಸದ್ದನ್ನು ದಾಟಿ ನಮಗೆ ಕೇಳುವಂತೆ ಮಾತಾಡಿ ಅಂದರು. ಬಲೆ ಹೆಣೆಯುತ್ತಿದ್ದವರು ಕೆಲಸ ಬಿಟ್ಟು ನೋಡಿದರು. "ಯಾರನ್ನು ಕರೆಯುವುದು ಮಾರಾಯ್ರೆ? ದೋಣಿ ಹೋಗಿ ಆಯಿತಲ್ಲ!" ಎಂದು ಒಬ್ಬ ಕೂಗಿದ. ನಾನು ಆ ದಿನ ಮೊದಲ ಸಲ ಕಡಲಿಗೆ ಅಷ್ಟು ಹತ್ತಿರ ನಿಂತಿದ್ದೆ. ಆ ಗದ್ದಲದ ನಡುವೆ ಬ್ರದರ್ ಲಿಯೋ ಮೆಲ್ಲಗೆ, ಬಿಡಿಸಿ ಬಿಡಿಸಿ ಹೇಳಿದ ಒಂದು ವಾಕ್ಯ ನೆಟ್ಟಗೆ ನನ್ನ ಕಿವಿಗೆ ಬಂದು ಮುಟ್ಟಿದಾಗ ಮೈ ಜುಮ್ಮೆಂದಿತು.

ರೈಗಳಿಗೆ ಮಾತ್ರ ತೃಪ್ತಿಯಿರಲಿಲ್ಲ. ಒಮ್ಮೆ ಹೇಳಿಯೇಬಿಟ್ಟರು.

"ಫಾದರ್, ಮಾತು ಶುದ್ಧ ಉಂಟು, ಸ್ವರ ಉಂಟು. ಎದುರಾಳಿ ಇಲ್ಲ. ಎದುರು ಮಾತಾಡುವವ ಇಲ್ಲದಿದ್ದರೆ ಕೃಷ್ಣನೂ ತೂಕಡಿಸಿಯಾನು."

ಪ್ರೊಫೆಸರ್ ಫಾದರ್ ನಕ್ಕು, ಇಗರ್ಜಿಯಲ್ಲಿ ಎದುರಾಳಿಯನ್ನು ಎಲ್ಲಿಂದ ತರಲಿ ಎಂದು ಕೇಳಿದರು. ಅದರ ಬದಲಿಗೆ ಹುಡುಗರಿಗೆ ಪ್ರಶ್ನೆ ಕೇಳುವುದನ್ನು ಕಲಿಸಿದರು. ಪ್ರಶ್ನೆ ಕೇಳಬೇಕು, ಕೇಳಿ ಸುಮ್ಮನೆ ನಿಲ್ಲಬೇಕು, ಜನ ಮನಸ್ಸಿನಲ್ಲೇ ಉತ್ತರ ಹುಡುಕಿಕೊಳ್ಳುವಷ್ಟು ಹೊತ್ತು ಬಿಟ್ಟು ತಾವೇ ಉತ್ತರ ಹೇಳಬೇಕು. ಬ್ರದರ್ ಲಿಯೋಗೆ ಆ ನಿಲ್ಲುವಿಕೆ ಬಹಳ ಕಷ್ಟವಾಯಿತು. ಮೌನ ಎಂದರೆ ಅವರಿಗೆ ಭಯ. ವಾರಗಟ್ಟಲೆ ಅಭ್ಯಾಸ ಮಾಡಿ ಕೊನೆಗೆ ಚೆನ್ನಾಗಿಯೇ ನಿಲ್ಲತೊಡಗಿದರು. ಬೆಂಚಿನ ಮೇಲೆ ನಾವೆಲ್ಲ ಮಂಗಳೂರಿನವರ ಹಾಗೆ ಬಾಯಿ ಮುಚ್ಚಿ ಕೂತಿರುತ್ತಿದ್ದೆವು.

ಅಷ್ಟರಲ್ಲಿ ಯಜಮಾನರ ವರ್ಷದ ಪೂಜೆ ಬಂತು. ಆ ವಾರ ಊರಿಗೆ ಸ್ವಾಮಿಗಳು ಸಿಗುವ ಹಾಗಿರಲಿಲ್ಲ. ನಾನು ಪ್ರೊಫೆಸರ್ ಫಾದರ್ ಹತ್ತಿರ ಹೋಗಿ ಮಣ್ಣಿನ ದಿನದ ಸಂಗತಿ ಹೇಳಿದೆ. ಈ ಸಲವಾದರೂ ಅವರ ಬಗ್ಗೆ ಒಂದು ಮಾತು ಆಗಬೇಕು, ನಮ್ಮತ್ತೆಗೆ ಅರ್ಥವಾಗುವ ಕನ್ನಡದಲ್ಲಿ ಆಗಬೇಕು ಎಂದೆ. ಅವರು ಒಪ್ಪಿದರು. ಪೂಜೆಯನ್ನು ಇಲ್ಲಿಯ ಇಗರ್ಜಿಯಲ್ಲೇ ತಾವು ಮಾಡುವುದಾಗಿಯೂ ಪ್ರಸಂಗ ಲಿಯೋ ಮಾಡಲಿ ಎಂದೂ ಹೇಳಿದರು. ಬ್ರದರ್ ಲಿಯೋ ನಮ್ಮ ಜಗಲಿಗೇ ಬಂದು ಯಜಮಾನರ ಬಗ್ಗೆ ಕೇಳಿದರು. ಒಳ್ಳೆಯವರು ಅಂದೆ, ಅಷ್ಟೇ. ಒಳ್ಳೆಯವರು ಎಂಬ ಒಂದು ಮಾತು ಹಿಡಿದುಕೊಂಡು ಅವರು ಹೋದರು. ಇದೂ ಮಣ್ಣಿನ ದಿನದ ಹಾಗೆಯೇ ಆದರೆ ಇನ್ನೊಂದು ಸಲ ಯಾರು ಮಾತಾಡುತ್ತಾರೆ?

ಊರಿಂದ ಅತ್ತೆ ಮಾದಲಮ್ಮ, ಮೈದುನ ಅಂತೋಣಪ್ಪ, ನೆರೆಹೊರೆಯವರು, ಒಂದು ಗುಂಪೇ ಬಸ್ಸು ಹತ್ತಿ ಬಂದಿತು. ಇಗರ್ಜಿಯಲ್ಲಿ ಬೆಂಚು ಬಿಟ್ಟು ಮುಂದೆ ನೆಲದ ಮೇಲೆ ಚಕ್ಕಂಬಕ್ಕಳ ಹಾಕಿ ಕೂತರು. ಸೆವ್ರಿನ್ ಬಾಯಿಯೂ ಓಣಿಯ ನಾಲ್ಕು ಜನರೂ ಹಿಂದೆ ಬೆಂಚಿನಲ್ಲಿ ಕೂತರು. ನಾನು ಎಲ್ಲಿ ಕೂರಬೇಕೆಂದು ತಿಳಿಯದೆ ಮೊದಲ ಬೆಂಚಿನ ತುದಿಯಲ್ಲಿ ಕೂತೆ.

ಬ್ರದರ್ ಲಿಯೋ ಕಳೆದುಹೋದ ಕುರಿಯ ಕಥೆ ಹೇಳಿದರು. ಕುರುಬನಿಗೆ ನೂರು ಕುರಿ, ಒಂದು ತಪ್ಪಿಸಿಕೊಂಡಿತು. "ಈಗ ಆ ಕುರುಬ ಏನು ಮಾಡುತ್ತಾನೆ?" ಎಂದು ಕೇಳಿ, ಕಲಿತ ಹಾಗೆಯೇ ಸುಮ್ಮನೆ ನಿಂತರು.

"ಹುಡುಕ್ತಾನೆ ಬುದ್ಧಿ," ಎಂದು ನಮ್ಮವರೆಲ್ಲ ಒಟ್ಟಿಗೆ ಹೇಳಿದರು.

ಬ್ರದರ್ ಲಿಯೋ ಬೆಚ್ಚಿದರು. ಹಿಂದಿನ ಬೆಂಚುಗಳಲ್ಲಿ ಗುಸುಗುಸು ಎದ್ದಿತು. ಇಗರ್ಜಿಯಲ್ಲಿ ಬಾಯಿ ಬಿಡುವುದನ್ನು ಅವರು ಕಂಡಿರಲಿಲ್ಲ. ನಮ್ಮವರಿಗೋ, ಕೇಳಿ ಕಾದು ನಿಂತವರಿಗೆ ಉತ್ತರ ಕೊಡದಿರುವುದೇ ಮರ್ಯಾದೆಗೇಡು. ಇಷ್ಟು ವಾರ ಬೆಂಚಿನಲ್ಲಿ ಕೂತ ನನಗೂ ಅಣ್ಣನಿಗೂ ಅದು ಹೊಳೆದೇ ಇರಲಿಲ್ಲ. ಬ್ರದರ್ ಲಿಯೋ ಸಾವರಿಸಿಕೊಂಡು, ಹೌದು, ತೊಂಬತ್ತೊಂಬತ್ತನ್ನು ಅಲ್ಲೇ ಬಿಟ್ಟು ಹೋಗುತ್ತಾನೆ ಎಂದು ಮುಂದುವರಿಸಿದರು. ಜೀವಮಾನವೆಲ್ಲ ಕುರಿ ಕಾದ ಅಂತೋಣಪ್ಪ ಸುಮ್ಮನಿರಲಿಲ್ಲ.

"ಬಿಟ್ಟು ಹೋದ್ರೆ ತೋಳ ಬರಾಕಿಲ್ವಾ ಬುದ್ಧಿ? ಮಿಕ್ಕವ್ನ ಯಾರ್ ಕಾಯ್ತಾರೆ?"

ಬ್ರದರ್ ಲಿಯೋ ಪೂರ್ತಿ ನಿಂತುಬಿಟ್ಟರು. ಕಲಿತ ನಿಲ್ಲುವಿಕೆಯಲ್ಲ ಅದು, ದಾರಿ ಮುಗಿದವರು ನಿಲ್ಲುವ ಹಾಗೆ. ನನ್ನ ಕಡೆ ನೋಡಿದರು. ನಾನು ಎದ್ದೆ. ಯಾಕೆ ಎದ್ದೆನೋ ತಿಳಿಯದು. "ಕೇಳಿ ಬ್ರದರ್, ಅವರನ್ನೇ ಕೇಳಿ" ಅಂದೆ. ಅವರು ಪೀಠದಿಂದ ಇಳಿದು ನೆಲದಲ್ಲಿ ಕೂತಿದ್ದ ನಮ್ಮತ್ತೆಯ ಮುಂದೆ ಬಂದು ಕೇಳಿದರು.

"ಯಾರು ಕಾಯಬೇಕು, ಅಮ್ಮ?"

ಅತ್ತೆ ಯೋಚಿಸಲೂ ಇಲ್ಲ.

"ಒಬ್ರು ಹುಡುಕಾಕೋದ್ರೆ ಇನ್ನೊಬ್ರು ಕಾಯ್ಬೇಕು ಬುದ್ಧಿ. ಸ್ವಾಮಿಗಳು ಊರೂರು ತಿರುಗೋರು. ನನ್ ಮಗ ಇನ್ನಾಸಪ್ಪ ನಮ್ಮನ್ನ ಕಾಯ್ತಿದ್ದ. ಬಿಟ್ಟು ಎಲ್ಲೂ ಹೋಗ್ಲಿಲ್ಲ."

ಅಲ್ಲಿಂದ ಒಬ್ಬೊಬ್ಬರಾಗಿ ಶುರುಮಾಡಿದರು. ಮಳೆಯಲ್ಲಿ ಯಾರ ಮನೆಗೆ ಬಂದು ಪ್ರಾರ್ಥನೆ ಮಾಡಿಸಿದರು, ಯಾರ ಹೆಣಕ್ಕೆ ಹೆಗಲು ಕೊಟ್ಟರು, ಯಾರ ಜಗಳ ಬಿಡಿಸಲು ಹೋಗಿ ಏಟು ತಿಂದರು. ಏಟಿನ ಕಥೆಗೆ ನಕ್ಕೆವು ಕೂಡ. ಬ್ರದರ್ ಲಿಯೋ ಒಬ್ಬೊಬ್ಬರ ಮಾತನ್ನೂ ತಿರುಗಿ ಹಿಂದಿನ ಬೆಂಚುಗಳಿಗೆ ಕೇಳುವಂತೆ ಹೇಳಿದರು, ಬೆಂಗ್ರೆಯಲ್ಲಿ ಹೇಳಿದ್ದ ಹಾಗೆ ಬಿಡಿಸಿ ಬಿಡಿಸಿ. ಕೊನೆಗೆ, ಹುಡುಕಲು ಹೋದವನು ಧೈರ್ಯವಾಗಿ ಹೋದದ್ದು ಕಾಯುವವನು ಇದ್ದುದರಿಂದ ಎಂದರು. ಇನ್ನಾಸಪ್ಪ ಎಂದು ಹೆಸರು ಹಿಡಿದು ಹೇಳಿ ಹೋಗಿ ಕೂತರು. ನಾನು ಒಂದು ವರ್ಷದಿಂದ ಅಳದೆ ಇಟ್ಟುಕೊಂಡದ್ದನ್ನೆಲ್ಲ ಅಲ್ಲಿ ಅತ್ತುಬಿಟ್ಟೆ. ಅಷ್ಟು ಹಗುರಾದ ಅಳು ನನಗೆ ಗೊತ್ತೇ ಇರಲಿಲ್ಲ.

ಹೊರಗೆ ಬಂದ ಸೆವ್ರಿನ್ ಬಾಯಿ ನನ್ನನ್ನು ತರಾಟೆಗೆ ತೆಗೆದುಕೊಂಡರು. "ಇಗರ್ಜಿಯಾ ಮೀನು ಮಾರ್ಕೆಟಾ ಇದು?" ಸ್ವಲ್ಪ ನಡೆದ ಮೇಲೆ ತಾವೇ ಅಂದರು, "ನಿನ್ನ ಗಂಡ ಆ ಏಟು ಎಲ್ಲಿಗೆ ತಿಂದದ್ದು? ನನಗೆ ಅದು ಸರಿ ಕೇಳಲಿಲ್ಲ."

ಅತ್ತೆ ಹೊರಡುವಾಗ, ಬಾ ಮಗಳೇ, ಪೂಜೆ ಆಯಿತಲ್ಲ, ಇನ್ನೇನಿದೆ ಇಲ್ಲಿ ಎಂದು ಕರೆದರು. ಮುಂದಿನ ಶನಿವಾರ ಹೊಸ ಹುಡುಗರು ಬರುತ್ತಾರೆ ಎಂದು ನನ್ನ ಬಾಯಿಂದ ಬಂತು. ರೈಗಳ ಮಾತಿಗೆ ಬೆಲೆ ಬಂದಿತ್ತು: ಬೆಂಚಿನವರು ಇನ್ನು ಮೇಲೆ ಎದುರು ಮಾತಾಡಬೇಕೆಂದು ಪ್ರೊಫೆಸರ್ ಫಾದರ್ ನಿಯಮ ಮಾಡಿದ್ದರು. ಅದಕ್ಕೆ ನಮ್ಮ ಕಡೆಯ ಬಾಯಿ ಬೇಕಿತ್ತು. ನಾಲ್ಕು ದಿನಕ್ಕೆ ಬಂದವಳು ಉಳಿದೆ.

ಬ್ರದರ್ ಲಿಯೋ ಗುರುದೀಕ್ಷೆ ಪಡೆದು ಫಾದರ್ ಲಿಯೋ ಆಗಿ ನಮ್ಮ ಕಡೆಗೇ ಬಂದದ್ದು ನಿಮಗೆ ಗೊತ್ತು. ಮೊನ್ನೆ ನಾನು ಊರಿಗೆ ಹೋದಾಗ ಅವರ ಪೂಜೆಗೆ ಅತ್ತೆಯ ಪಕ್ಕ ನೆಲದ ಮೇಲೆ ಕೂತಿದ್ದೆ. ದೇವರ ಮನೆಯಲ್ಲಿ ನಮಗೆಲ್ಲ ಜಾಗ ಇದೆಯೇ ಎಂದು ಅವರು ಕೇಳಿದರು. "ಅದೆ ಬುದ್ಧಿ!" ಎಂದು ಇಡೀ ಗುಡಿ ಕೂಗಿತು. ನನ್ನ ಬಾಯಿ ಮಾತ್ರ ಮುಚ್ಚಿತ್ತು. ಪ್ರಶ್ನೆ ಬಾಗಿಲ ಹತ್ತಿರದ ಮುದುಕರಿಗೂ ಕೇಳಿಸಿತೋ ಇಲ್ಲವೋ ಎಂದು ತಿರುಗಿ ನೋಡುತ್ತಿದ್ದೆ. ಅತ್ತೆ ತೊಡೆ ಚಿವುಟಿ, ನೆಂಟರ ಹಾಗೆ ಕೂತಿದ್ದೀಯಲ್ಲ, ಹೇಳು ಅಂದರು. ಅಷ್ಟು ಹೊತ್ತಿಗೆ ಎಲ್ಲರ ದನಿಯೂ ಅಡಗಿತ್ತು. ಆ ಮೌನದಲ್ಲಿ ನಾನೊಬ್ಬಳೇ ದೊಡ್ಡದಾಗಿ ಹೇಳಿದೆ: "ಉಂಟು."

ಗುಡಿಯೆಲ್ಲ ತಿರುಗಿ ನನ್ನನ್ನು ನೋಡಿತು.