ಮಗು ದೂಡಬೇಕಿದ್ದ ಪೀಪಿ

ನಮ್ಮ ನಾಟಕ ಕಂಪನಿಯಲ್ಲಿ ಸಾಮಾನು ಕೋಣೆ ನೋಡಿಕೊಳ್ಳುತ್ತಿದ್ದವಳನ್ನು ಎಲ್ಲರೂ ಚಿಕ್ಕಮ್ಮ ಎನ್ನುತ್ತಿದ್ದೆವು. ಅವಳಿಗಿಂತ ದೊಡ್ಡವರಾದ ಮ್ಯಾನೇಜರಿಗೂ ಅವಳು ಚಿಕ್ಕಮ್ಮನೇ. ವಯಸ್ಸಿಗೆ ಮರ್ಯಾದೆ ಕೊಟ್ಟು ಯಾರಾದರೂ 'ನೀವು, ತಾವು' ಎಂದರೆ, "ಯಾರಪ್ಪಾ ನನ್ನ ಹಿಂದೆ ನಿಂತಿರೋದು?" ಎಂದು ತಿರುಗಿ ನೋಡುತ್ತಿದ್ದಳು. ರಾಜನ ಕತ್ತಿ, ಮುದುಕಿಯ ಊರುಗೋಲು, ಮುರಿದ ಫೋನು, ರಟ್ಟಿನ ಬ್ರೆಡ್ಡು, ಏನು ಕೇಳಿದರೂ ಕಣ್ಣು ಮುಚ್ಚಿಕೊಂಡು ತೆಗೆದುಕೊಡುವಳು. ಪಕ್ಕದ ಕೋಣೆಯಲ್ಲಿ ಬಟ್ಟೆ ಹೊಲಿಯುವವಳು ನಾನು. ನಡುವೆ ಇದ್ದದ್ದು ಪ್ಲೈವುಡ್ ಗೋಡೆ. ಅವಳು ಸೀನಿದರೆ ನನ್ನ ಸೂಜಿ ತಪ್ಪುತ್ತಿತ್ತು.

ಅವಳಿಗೆ ಮದುವೆಯಾಗಿರಲಿಲ್ಲ. ಅವಳ ಅಕ್ಕನಿಗೂ ಆಗಿರಲಿಲ್ಲ. ಬೇಕರಿಯ ಮೇಲಿನ ಎರಡು ಕೋಣೆಗಳಲ್ಲಿ ಇಬ್ಬರೂ ಕಿತ್ತಾಡಿಕೊಂಡೇ ಆಯುಷ್ಯ ಕಳೆದರು. ಅಕ್ಕ ಆಸ್ಪತ್ರೆಯಲ್ಲಿ ರಾತ್ರಿ ಪಾಳಿಯ ನರ್ಸು. ಸಂಜೆ ಡ್ಯೂಟಿಗೆ ಮುಂಚೆ ಒಂದು ಗಳಿಗೆ ಕಣ್ಣು ಮುಚ್ಚೋಣವೆಂದರೆ, ಚಿಕ್ಕಮ್ಮ ಕೆಲಸದಿಂದ ಬಂದವಳೇ ಮೌತ್ ಆರ್ಗನ್ ಊದಲು ಕೂರುವಳು. ಬರುತ್ತಿದ್ದದ್ದು ಒಂದೇ ಹಾಡು, ಅದೂ ಅರ್ಧ. "ನಿಲ್ಸೇ ಆ ಪೀಪೀನ! ಸತ್ತೋರೂ ಎದ್ದು ಬರ್ತಾರೆ!" ಎಂದು ಅಕ್ಕ ಒಳಗಿನಿಂದ ಕೂಗುವಳು. ಕೂಗಿದಷ್ಟೂ ಇವಳಿಗೆ ಹುರುಪು. ಬೇಕರಿಗೆ ಬಂದವರು ಬನ್ನಿನ ಜೊತೆಗೆ ಆ ಜಗಳವನ್ನೂ ಪುಕ್ಕಟೆಯಾಗಿ ಕೇಳಿಕೊಂಡು ಹೋಗುತ್ತಿದ್ದರು.

ಒಂದು ಬೆಳಿಗ್ಗೆ ಪಾಳಿ ಮುಗಿಸಿ ಬಂದು ಮಲಗಿದ ಅಕ್ಕ ಏಳಲೇ ಇಲ್ಲ. ಈಗ ಚಿಕ್ಕಮ್ಮ ಎಷ್ಟು ಬೇಕಾದರೂ ಊದಬಹುದಿತ್ತು, ಬೇಡ ಎನ್ನುವವರು ಯಾರೂ ಇರಲಿಲ್ಲ. ಊದಲಿಲ್ಲ. ಅದನ್ನು ಬಟ್ಟೆಯಲ್ಲಿ ಸುತ್ತಿ ಡ್ರಾಯರಿಗೆ ಹಾಕಿದಳು. ಕೆಲಸ ಮುಗಿದರೂ ಮನೆಗೆ ಹೋಗಲು ಅವಳಿಗೆ ಕಾಲೇಳದು. ಒರೆಸಿದ ಕತ್ತಿಯನ್ನೇ ಮತ್ತೆ ಒರೆಸುತ್ತ ಕೂತಿರುವಳು. "ಹೋಗು ತಾಯಿ, ನಾನು ಬೀಗ ಹಾಕ್ಬೇಕು," ಎಂದು ನಾನೇ ಗದರಿಸಿ ಕಳಿಸಬೇಕಾಗುತ್ತಿತ್ತು.

ಆಗ ಕವಿಗಳು ಹೊಸ ನಾಟಕ ಬರೆದು ತಂದರು. ಕವಿಗಳು ಎಂಬುದು ನಾಟಕ ಬರೆಯುವವನಿಗೆ ನಾವಿಟ್ಟ ಅಡ್ಡಹೆಸರು. ಆಸಾಮಿ ಹುಟ್ಟಿದಾಗಿನಿಂದ ಒಂದು ಕವಿತೆ ಬರೆದವನಲ್ಲ. ನಾಟಕ ನಡೆಯುವುದು ಯಾವ ನಕ್ಷೆಯಲ್ಲೂ ಇಲ್ಲದ ಒಂದು ಬೆಟ್ಟದ ನಾಡಿನಲ್ಲಿ. ಅಲ್ಲಿ ಸತ್ತ ಅಜ್ಜಿ ಮೊಮ್ಮಗಳ ಹೊಟ್ಟೆಯಲ್ಲಿ ಮರಳಿ ಹುಟ್ಟುತ್ತಾಳೆ. ಬಂದವಳು ಅವಳೇ ಎಂದು ಊರಿನವರಿಗೆ ಗೊತ್ತಾಗುವುದು ಹೇಗೆ? ಅದಕ್ಕಾಗಿ ಕವಿಗಳು ಬೇಕಾದಷ್ಟು ಓದಿಕೊಂಡು ಬಂದಿದ್ದರು. ಒಂದು ದೇಶದಲ್ಲಿ ಸತ್ತವರ ಮೈಗೆ ಮಸಿ ಹಚ್ಚಿ, ಆಮೇಲೆ ಹುಟ್ಟಿದ ಕೂಸಿನ ಮೈಯಲ್ಲಿ ಅದೇ ಜಾಗದಲ್ಲಿ ಮಚ್ಚೆ ಹುಡುಕುತ್ತಾರಂತೆ. ಇನ್ನೊಂದು ಕಡೆ ಬಸುರಿಯ ಕನಸು ಕೇಳುತ್ತಾರಂತೆ. ಮತ್ತೊಂದು ಕಡೆ ಸತ್ತವರ ಸಾಮಾನನ್ನು ಬೇರೆಯವರದರ ಜೊತೆ ಬೆರೆಸಿ ಮಗುವಿನ ಮುಂದಿಡುತ್ತಾರಂತೆ. ಅದು ತನ್ನದನ್ನು ಗುರುತಿಸಿ ಎತ್ತಿಕೊಳ್ಳಬೇಕು.

"ಇದನ್ನ ಹಾಗ್ಹಾಗೇ ಎತ್ಕೊಂಡ್ರೆ ಆ ಜನರ ನಂಬಿಕೆ ಕದ್ದ ಹಾಗಾಗುತ್ತೆ," ಎಂದರು ಕವಿಗಳು, ಸಾಮಾನು ಕೋಣೆಯ ಬಾಗಿಲಲ್ಲಿ ನಿಂತು. "ನಮ್ಮ ಬೆಟ್ಟದವರಿಗೆ ಹೊಂದೋ ಹಾಗೆ ಏನಾದ್ರೂ ಬದಲಾಯಿಸ್ಬೇಕು. ಅದಿರ್ಲಿ, ಸದ್ಯಕ್ಕೆ ಅಜ್ಜಿಗೆ ಪ್ರೀತಿಯಾದ ಸಾಮಾನು ಒಂದೆರಡು ಕೊಡು ಚಿಕ್ಕಮ್ಮ."

"ಪ್ರೀತಿಯಾದ್ದು ಯಾಕೆ?" ಚಿಕ್ಕಮ್ಮ ಸಿಡುಕಿದಳು. "ಹೊಳೆಯೋದು ಕಂಡ್ರೆ ಯಾವ ಮಗೂನೂ ಎತ್ಕೊಳ್ಳುತ್ತೆ. ಸತ್ತು ಹುಟ್ಟಿ ಬರೋ ಅಷ್ಟರಲ್ಲಿ ಪ್ರೀತಿ ಎಲ್ಲ ಮರ್ತು ಹೋಗಿರುತ್ತೆ ಕಣಯ್ಯ. ಸಿಟ್ಟು ಮರೆಯಲ್ಲ. ಅವಳಿಗೆ ಕಂಡ್ರಾಗದೇ ಇದ್ದದ್ದನ್ನ ಇಡು. ಯಾವ ಮಗು ಅದನ್ನ ಬೇಡ ಅಂತ ದೂಡುತ್ತೋ, ಅದೇ ಅವಳು."

ಕವಿಗಳು ಅದನ್ನು ಅಲ್ಲೇ ಬರೆದುಕೊಂಡರು. ಮರುದಿನ ದೃಶ್ಯ ತಿದ್ದಿಕೊಂಡು ಬಂದರು. ಬೆಟ್ಟದವರ ಶಾಸ್ತ್ರ ಹುಟ್ಟಿದ್ದು ಹಾಗೆ. ಅಜ್ಜಿಗೆ ಕಂಡರಾಗದ್ದು ಅಜ್ಜ ಊದುತ್ತಿದ್ದ ಪೀಪಿ ಎಂದಾಯಿತು. ಆ ಪೀಪಿ ಎಲ್ಲಿಂದ ಬಂತೆಂದು ಬೇರೆ ಹೇಳಬೇಕೆ? ಚಿಕ್ಕಮ್ಮ ತನ್ನ ಮೌತ್ ಆರ್ಗನ್‌ಗೆ ಸೆಣಬಿನ ದಾರ ಸುತ್ತಿ, ಕಂದು ಬಣ್ಣ ಬಳಿದು, ಯಾರೋ ಮರದಲ್ಲಿ ಕೊರೆದದ್ದು ಎನ್ನುವ ಹಾಗೆ ಮಾಡಿದಳು.

ಮಗುವನ್ನೂ ಅವಳೇ ಗೊತ್ತು ಮಾಡಿದಳು. ಬೇಕರಿಯವನ ಮಗಳ ಕೂಸು, ಆಗಷ್ಟೇ ಕೂರಲು ಕಲಿತಿತ್ತು. "ಅಕ್ಕ ಹೋದ್ಮೇಲೆ ಹುಟ್ಟಿದ್ದು," ಎಂದು ಬಾಯಿ ತಪ್ಪಿ ಅಂದುಬಿಟ್ಟಳು. ನಾನು ಅವಳ ಕಡೆ ತಿರುಗಿದೆ.

"ಚಿಕ್ಕಮ್ಮ, ನಿಂಗೇನು ತಲೆ ಕೆಟ್ಟಿದ್ಯಾ? ಆ ಶಾಸ್ತ್ರ ಕಟ್ಟಿದ್ದೇ ನೀನು! ಇಲ್ಲೇ, ಇದೇ ಸ್ಟೂಲ್ ಮೇಲೆ ಕೂತ್ಕೊಂಡು!"

"ಹೌದು. ಬೇರೆ ದೇಶದ್ದನ್ನೂ ಯಾರೋ ಒಬ್ಬಳು ಹೀಗೇ ಕೂತ್ಕೊಂಡು ಕಟ್ಟಿರ್ತಾಳೆ. ಯಾರನ್ನೋ ಕಳ್ಕೊಂಡು, ಮನೇಲಿ ಒಬ್ಬಳೇ ಇರೋಕಾಗ್ದೆ." ದಾರದ ತುದಿಯನ್ನು ಹಲ್ಲಿನಿಂದ ಕಡಿದಳು. "ಸತ್ತೋರೂ ಎದ್ದು ಬರ್ತಾರೆ ಅಂತಿದ್ಲಲ್ಲ. ಬರ್ಲಿ, ನೋಡೋಣ."

ನನ್ನ ಬಾಯಿ ಸುಮ್ಮನಿರುವಂಥದ್ದಲ್ಲ, ಕಂಪನಿಗೆಲ್ಲ ಗೊತ್ತು. ಅವತ್ತು ಮಾತ್ರ ಎದ್ದು ಹೋಗಿ ಹೊಲಿಗೆ ಮಷಿನ್ನಿನ ಮುಂದೆ ಕೂತೆ.

ತಾಲೀಮಿನಲ್ಲೆಲ್ಲ ನಾನು ಹೊಲಿದ ಬಟ್ಟೆಯ ಗೊಂಬೆಯೇ ಮಗು. ತಾಯಿಯ ಪಾತ್ರದವಳು ಗೊಂಬೆಯ ಕೈ ಹಿಡಿದು ಪೀಪಿಯನ್ನು ದೂಡಿಸುತ್ತಿದ್ದಳು. ನಿಜವಾದ ಮಗು ಬಂದಾಗಲೂ ಹಾಗೇ ಮಾಡಬೇಕೆಂದು ನಿರ್ದೇಶಕರು ಹೇಳಿದ್ದರು. ಚಿಕ್ಕಮ್ಮ ಅವಳನ್ನು ಪಕ್ಕಕ್ಕೆ ಕರೆದು, "ನೀನು ಒಂಚೂರು ತಡಿ ಕಣಮ್ಮ. ಮೊದ್ಲು ಮಗೂಗೇ ಬಿಡು," ಎಂದು ಕೈ ಹಿಡಿದು ಕೇಳಿಕೊಂಡಳು.

ಮೊದಲ ಪ್ರದರ್ಶನ ಭಾನುವಾರ ಮಧ್ಯಾಹ್ನ. ನಾನೂ ಚಿಕ್ಕಮ್ಮನೂ ಪಕ್ಕದ ಪರದೆಯ ಮರೆಯಲ್ಲಿ ನಿಂತಿದ್ದೆವು. ಮಗುವನ್ನು ಚಾಪೆಯ ಮೇಲೆ ಕೂರಿಸಿದರು. ಮುಂದೆ ಬಾಚಣಿಗೆ, ಬಟ್ಟಲು, ಉಣ್ಣೆಯ ಉಂಡೆ, ಪೀಪಿ. ಚಿಕ್ಕಮ್ಮ ನನ್ನ ಮೊಣಕೈ ಹಿಡಿದುಕೊಂಡಿದ್ದಳು, ಉಗುರು ನಾಟುತ್ತಿತ್ತು. "ದೂಡು," ಎನ್ನುತ್ತಿದ್ದಳು ಉಸಿರಿನಲ್ಲೇ, "ದೂಡೇ ಅಕ್ಕ."

ಮಗು ಬಾಚಣಿಗೆಯ ಕಡೆ ನೋಡಲಿಲ್ಲ. ಬಟ್ಟಲನ್ನು ಮಗುಚಿತು. ಪೀಪಿಯ ಮೇಲೆ ಕೈಯಿಟ್ಟು ಒಂದು ಗಳಿಗೆ ಹಾಗೇ ಇತ್ತು. ಆಮೇಲೆ ಎರಡೂ ಕೈಯಲ್ಲಿ ಎತ್ತಿ ಬಾಯಿಗಿಟ್ಟುಕೊಂಡಿತು. ಪೀಪಿ 'ಪೀ' ಎಂದಿತು. ಮಗು ಬೆಚ್ಚಿಬಿತ್ತು, ಸುತ್ತ ನೋಡಿತು, ಕಿಲಕಿಲ ನಕ್ಕು ಮತ್ತೆ ಊದಿತು. ಸಭೆಯಿಡೀ ಗೊಳ್ಳೆಂದಿತು. ತಾಯಿಯ ಪಾತ್ರದವಳು ದೂಡಿಸಲು ಹೋದರೆ ಬಿಟ್ಟರೆ ತಾನೇ! ಕಿರುಚಿ, ಕೊಸರಾಡಿ, ಪೀಪಿಯನ್ನು ಎದೆಗೆ ಅವಚಿಕೊಂಡಿತು. ಅದರ ಕೈಯಿಂದ ಬಿಡಿಸಿ ದೃಶ್ಯ ಮುಗಿಸುವಷ್ಟರಲ್ಲಿ ಸಾಕುಸಾಕಾಯಿತು. ಜನಕ್ಕೆ ಖುಷಿಯೋ ಖುಷಿ, ಚಪ್ಪಾಳೆಯೋ ಚಪ್ಪಾಳೆ.

ಚಿಕ್ಕಮ್ಮ ನನ್ನ ಮೊಣಕೈ ಬಿಟ್ಟಳು. "ಅವಳಲ್ಲ," ಎಂದಳು.

ಒಬ್ಬಳನ್ನೇ ಕಳಿಸಲು ಮನಸ್ಸಾಗದೆ ಸಂಜೆ ಅವಳ ಜೊತೆಗೆ ಮನೆಗೆ ಹೋದೆ. ಕೆಳಗಿನ ಒಲೆಯ ಶಾಖಕ್ಕೆ ನೆಲ ಬೆಚ್ಚಗಿತ್ತು. ಒಳಕೋಣೆಯಲ್ಲಿ ಅಕ್ಕನ ಮಂಚ, ಮೊಳೆಗೆ ನೇತುಹಾಕಿದ ಬಿಳಿ ಯೂನಿಫಾರ್ಮು, ಇಸ್ತ್ರಿ ಮಾಡಿದ್ದು. ಚಿಕ್ಕಮ್ಮ ಮೌತ್ ಆರ್ಗನ್ನಿನ ದಾರವನ್ನೆಲ್ಲ ಬಿಚ್ಚಿದಳು. ಒಳಬಾಗಿಲಿಗೆ ಮುಖ ಮಾಡಿ ಕೂತು, ಅಕ್ಕ ಹೋದ ಮೇಲೆ ಮೊದಲ ಸಲ ಆ ಅರ್ಧ ಹಾಡನ್ನು ಊದಿದಳು.

ಅಬ್ಬಬ್ಬಾ! ಕಿವಿಯಲ್ಲಿ ಕಡ್ಡಿ ಹಾಕಿ ತಿರುವಿದ ಹಾಗಿತ್ತು. ಅಷ್ಟು ವರ್ಷ ಅಕ್ಕ ಹೇಗೆ ತಡೆದುಕೊಂಡಳೋ, ಪುಣ್ಯಾತ್ಗಿತ್ತಿ. ಹಾಡಿನಲ್ಲಿ ಅಕ್ಕ ಕೂಗುತ್ತಿದ್ದ ಜಾಗ ಅದೇ ಇರಬೇಕು, ಚಿಕ್ಕಮ್ಮ ಅಲ್ಲಿಗೆ ನಿಲ್ಲಿಸಿ ಒಳಕೋಣೆಯ ಕಡೆ ಕಿವಿಗೊಟ್ಟಳು. ಆಮೇಲೆ ನನ್ನ ಕಡೆ ತಿರುಗಿದಳು. ಆ ಮುಖ ನೋಡಿಕೊಂಡು ನಿಜ ಹೇಳಲು ಯಾರಿಗೆ ಬಾಯಿ ಬಂದೀತು?

"ಚೆನ್ನಾಗಿದೆ ಚಿಕ್ಕಮ್ಮ," ಎಂದೆ.

ಅವಳ ಮುಖ ಇಳಿಯಿತು. "ಮಗೂಗೂ ಇಷ್ಟ ಆಯ್ತು, ನಿಂಗೂ ಇಷ್ಟ ಆಯ್ತು," ಎಂದಳು. "ಬೇಡ ಅನ್ನೋಳು ಒಬ್ಬಳೇ ಇದ್ದಿದ್ದು ಕಣೇ."

ಮೌತ್ ಆರ್ಗನ್ನನ್ನು ಒರೆಸಿ ನನ್ನ ಕೈಗಿಟ್ಟಳು. ಹೋಗುವಾಗ ಕೆಳಗೆ ಮಗುವಿಗೆ ಕೊಟ್ಟು ಹೋಗು, ನಾಳೆಯ ಪ್ರದರ್ಶನಕ್ಕೆ ರಟ್ಟಿನದು ಮಾಡಿಕೊಡುತ್ತೇನೆ ಎಂದಳು. ಕೊಟ್ಟೆ. ಮಗು ಕೈ ಚಾಚಿ ಕಸಿದುಕೊಂಡು ಅಲ್ಲೇ ಊದಲು ಶುರು ಮಾಡಿತು. ನಾನು ಬೀದಿಗಿಳಿದು ನಿಂತೆ. ಮೇಲಿನ ಕಿಟಕಿ ತೆರೆದೇ ಇತ್ತು, ಚಿಕ್ಕಮ್ಮ ಅಲ್ಲೇ ಕೂತಿದ್ದಳು. ಬೀದಿಯ ತಿರುವಿನವರೆಗೂ ಆ ಪೀ ಪೀ ನನ್ನ ಬೆನ್ನ ಹಿಂದೆ ಕೇಳುತ್ತಲೇ ಇತ್ತು. ನಿಲ್ಸೇ ಅದನ್ನ ಎಂದು ಮೇಲಿನಿಂದ ಯಾರೂ ಕೂಗಲಿಲ್ಲ.